ಮುನಿಸಿಕೊಂಡ ಅ

ಸೊಸೆ ತನ್ನ ಮಗಳ ಬೆನ್ನಿಗೆ ಒಂದು ಬಿಗಿದದ್ದು ಶನಿವಾರ ಮಧ್ಯಾಹ್ನ, ಬಟಾಣಿ ಸುಲಿಯುತ್ತಿದ್ದಾಗ. ಮಡಿಲಲ್ಲಿದ್ದ ಕಾಳುಗಳು ನೆಲದ ತುಂಬ ಉರುಳಿದವು. ಮಗು ಅಳಲು ಶುರುಮಾಡಿತು. ಅದು ಅತ್ತರೆ ಸಣ್ಣ ದನಿಯಲ್ಲಿ, ಎಳೆದೆಳೆದು, ನಿಲ್ಲಿಸದೆ ಅಳುತ್ತದೆ. ಅದಕ್ಕೇ ಮನೆಯಲ್ಲಿ ಅದರ ಹೆಸರು ಪಿಟೀಲು.

"ಎಷ್ಟು ಸಲ ಹೇಳ್ಬೇಕು ನಿಂಗೆ? ಅ ಹೀಗಾ ಬರೆಯೋದು? ಎಲ್ಲಾ ತಿರುಗಿಸಿ ಬರ್ದಿದೀಯ!"

"ಟೀಚರ್ ಹೀಗೇ ಬರೀತಾರೆ."

"ಟೀಚರ್ ಅಂದ್ರೆ ಯಾರು? ನಿನ್ನ ಅಜ್ಜಿ ತಾನೆ? ನಂಗೆ ಅ ಕಲಿಸಿದ್ದೇ ಅವರು ಕಣೇ! ಸುಳ್ಳು ಬೇರೆ ಹೇಳ್ತೀಯ?"

ಆ ಮನೆಯಲ್ಲಿ ಟೀಚರ್ ಎಂದರೆ ಒಬ್ಬರೇ. ಮೂವತ್ತಮೂರು ವರ್ಷದಿಂದ ಒಂದನೇ ತರಗತಿ ಬಿಟ್ಟು ಕದಲದವರು. ಮೇಲಿನ ತರಗತಿಗೆ ಕಳಿಸುತ್ತೇವೆ ಎಂದಾಗಲೆಲ್ಲ, "ಅಲ್ಲಿ ಮಕ್ಕಳು ಆಗ್ಲೇ ಓದು ಕಲಿತು ಕೆಟ್ಟಿರ್ತವೆ" ಎಂದು ನಕ್ಕು ಜಾರಿಕೊಂಡವರು. ಗಂಡನೂ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ, ಹಾಲಿನವನೂ ಹಾಗೇ. ಸೊಸೆ ಅದೇ ಬೀದಿಯ ಹುಡುಗಿ. ಇಪ್ಪತ್ತೈದು ವರ್ಷದ ಹಿಂದೆ ಅವರ ತರಗತಿಯ ಮೂರನೇ ಸಾಲಿನಲ್ಲಿ ಕೂತವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಎನ್ನಲು ನಾಲಿಗೆ ತಿರುಗದೆ ಟೀಚರ್, ಟೀಚರ್ ಎಂದು ತಡವರಿಸುತ್ತಿದ್ದಳು. "ನನ್ನ ಹೆಂಡ್ತಿ ಅಡುಗೆಮನೆಯಿಂದ ಆಚೆ ಬರೋಕೂ ಅಮ್ಮನ ಹತ್ರ ಕೈಯೆತ್ತಿ ಕೇಳ್ತಾಳೆ" ಎಂದು ಬಸ್ ಓಡಿಸುವ ಮಗ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಈ ವರ್ಷ ಮುಗಿದರೆ ಟೀಚರ್‌ಗೆ ನಿವೃತ್ತಿ. ಕೊನೆಯ ತಂಡದಲ್ಲಿ ಸ್ವಂತ ಮೊಮ್ಮಗಳು ಕೂತಿದ್ದಾಳೆ. "ಇವಿಷ್ಟನ್ನ ಒಂದು ದಡ ಮುಟ್ಟಿಸಿಬಿಟ್ರೆ ಸಾಕು, ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ" ಎಂದು ಗಂಡನಿಗೆ ಮಾತು ಕೊಟ್ಟಿದ್ದರು. ಅವರಿಗೆ ಬೇಕಿದ್ದದ್ದು ಅಷ್ಟೇ, ಮತ್ತೇನೂ ಅಲ್ಲ.

ಟೀಚರ್‌ಗೆ ಒಂದು ವಿದ್ಯೆ ಇತ್ತು. ಮಕ್ಕಳಿಗೆ ಎದುರಾಗಿ ನಿಂತು, ಗಾಳಿಯಲ್ಲಿ ಬೆರಳಾಡಿಸಿ ಅಕ್ಷರ ಬರೆಯುವುದು. ಎದುರು ಕೂತವರಿಗೆ ಅಕ್ಷರ ನೆಟ್ಟಗೆ ಕಾಣಬೇಕಲ್ಲ, ಅದಕ್ಕೆ ಇವರು ತಮ್ಮ ಕಡೆಯಿಂದ ತಿರುಗಿಸಿ ಬರೆಯುತ್ತಿದ್ದರು. ಬೇರೆ ಟೀಚರುಗಳು ಮಕ್ಕಳಿಗೆ ಬೆನ್ನು ಹಾಕಿ ಬರೆದು ತೋರಿಸುತ್ತಾರೆ. ಇವರು ಬೆನ್ನು ತೋರಿಸುವವರಲ್ಲ. "ಬೆನ್ನು ಹಾಕಿದ್ರೆ ಯಾರು ಬೆರಳು ಚೀಪ್ತಾರೆ ಅಂತ ಹೆಂಗೆ ಗೊತ್ತಾಗುತ್ತೆ?" ಅನ್ನುವುದು ಅವರ ವಾದ. ಯಾವುದಾದರೂ ಮಗು ಅಕ್ಷರವನ್ನು ಹಿಂದುಮುಂದಾಗಿ ಬರೆದರೆ ಗದರುತ್ತಿರಲಿಲ್ಲ. "ಅಯ್ಯೋ, ಅ ನಿನ್ನ ಮೇಲೆ ಮುನಿಸ್ಕೊಂಡು ಮುಖ ತಿರುಗಿಸಿದೆಯಲ್ಲೋ, ರಮಿಸು ಅದನ್ನ" ಎನ್ನುತ್ತಿದ್ದರು. ಆ ಬೀದಿಯಲ್ಲಿ ದೊಡ್ಡವರಾದ ಅರ್ಧ ಜನ ಹೀಗೆ ಅ ರಮಿಸಿ ಬಂದವರೇ.

ಹಾಗಾಗಿ ಸೊಸೆ ತನಗೆ ತಾನೇ ಒಂದು ಕಾರಣ ಕಟ್ಟಿಕೊಂಡಳು. ಮನೆಯಲ್ಲಿ ಪಿಟೀಲು ಅಜ್ಜಿಯ ಪಕ್ಕಕ್ಕೆ ಅಂಟಿಕೊಂಡೇ ಕೂರುತ್ತದೆ, ಗಾಳಿಯ ಬರಹವನ್ನು ಅಜ್ಜಿಯ ಕಡೆಯಿಂದ ನೋಡಿದೆ, ತಿರುಗಿದ್ದನ್ನೇ ಕಲಿತಿದೆ. ಅದು ಸರಿ. ಆದರೆ ಹೋಂವರ್ಕ್ ಪುಸ್ತಕದಲ್ಲಿ ಆ ತಿರುಗಿದ ಅಕ್ಷರಗಳಿಗೆಲ್ಲ ಕೆಂಪು ಇಂಕಿನಲ್ಲಿ ರೈಟು ಬಿದ್ದಿತ್ತು. ಅದೂ ಸೊಟ್ಟಗೆ, ಯಾವುದೋ ಅವಸರದಲ್ಲಿ ಎಳೆದ ಹಾಗೆ. ಅವಳಿಗೆ ಉರಿದುಹೋಯಿತು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಬಾಯಿಬಿಟ್ಟಳು.

"ಅತ್ತೆ, ಮೊಮ್ಮಗಳು ಅಂತ ತಪ್ಪಿಗೆಲ್ಲ ರೈಟು ಹಾಕ್ಬೇಡಿ. ಅವಳಿಗೇ ಕಷ್ಟ ಆಗೋದು."

ಟೀಚರ್ ತುತ್ತು ಕೆಳಗಿಟ್ಟರು. "ಏನಂದೆ?"

"ಅ ತಿರುಗಿಸಿ ಬರೀತಾಳೆ. ನೀವು ರೈಟು ಹಾಕಿ ಕಳಿಸ್ತೀರಿ."

"ಮೂವತ್ತಮೂರು ವರ್ಷ ಆಯ್ತು. ತಪ್ಪಿಗೆ ನಾನು ರೈಟು ಹಾಕಿದ್ದು ಒಂದೇ ಒಂದು ತೋರ್ಸು. ನಾಳೆಯಿಂದ ಶಾಲೆಗೆ ಕಾಲಿಡಲ್ಲ."

"ಪುಸ್ತಕ ತರ್ತೀನಿ, ನೀವೇ ನೋಡಿ."

ಪುಸ್ತಕ ಬಂತು. ಟೀಚರ್ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೇ ಬರ್ದಿದೆಯಲ್ಲ ಕೂಸು! ನಿಂಗೇನು ಕಣ್ಣಿಗೆ ಮಂಜು ಕವಿದಿದೆಯಾ?" ಎಂದು ಪುಸ್ತಕವನ್ನು ಗಂಡನ ಮುಂದೆ ಚಾಚಿದರು. "ನೀವೇ ಹೇಳಿ. ಅಕ್ಷರದ ವಿಷಯದಲ್ಲಿ ನಿಮಗಿಂತ ಸಾಕ್ಷಿ ಬೇಕಾ?"

ಗಂಡ ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಪ್ರೆಸ್ಸು ಮುಚ್ಚಿದ ಮೇಲೆ ಹಜಾರದಲ್ಲೇ ಒಂದು ಮೇಜು ಹಾಕಿಕೊಂಡು ಪುಸ್ತಕ ಬೈಂಡು ಮಾಡುತ್ತಿದ್ದರು. ಊಟದ ನಡುವೆ ಅವರು ಪುಸ್ತಕದ ಮೇಲೆ ಕಣ್ಣಾಡಿಸಿದರು. "ಅ, ಆ, ಅರ, ಅರಸ. ಸರಿಯಾಗೇ ಇದೆಯಲ್ಲ. ಉಪ್ಪು ಇತ್ತ ತಳ್ಳಮ್ಮ."

ಸೊಸೆ ಸುಸ್ತಾದಳು. ಅತ್ತೆ, ಮಾವ ಒಂದಾಗಿ ತನ್ನನ್ನು ಸುಳ್ಳಿ ಮಾಡಿದರೆಂದು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು. ಬಸ್ಸಿನಿಂದ ದಣಿದು ಬಂದಿದ್ದ ಮಗ ಪುಸ್ತಕ ನೋಡಲೂ ಇಲ್ಲ. "ನಾಳೆ ಬಸ್ಸಿಗೆ ಅ ಅಂತ ಬೋರ್ಡು ಹಾಕ್ಕೊಂಡು ಹೋಗ್ತೀನಿ. ಎಷ್ಟು ಜನ ಹತ್ತುತ್ತಾರೋ ನೋಡೋಣ" ಎಂದ. ಯಾರೂ ನಗಲಿಲ್ಲ.

ಅಲ್ಲಿಂದ ಹತ್ತು ದಿನ ಅತ್ತೆ ಸೊಸೆ ಮುಖ ಕೊಟ್ಟು ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ಪಿಟೀಲಿನ ಮೂಲಕ ಹೇಳಿ ಕಳಿಸುತ್ತಿದ್ದರು. "ನಿಮ್ಮಮ್ಮಂಗೆ ಹೇಳು, ಹಾಲು ಉಕ್ಕುತ್ತಿದೆ." ನಿಮ್ಮಮ್ಮ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು. ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಬೇಗ ಹೊರಡತೊಡಗಿದಳು. ಟೀಚರ್ ಬೇರೆ ಹೊತ್ತಿಗೆ ಊಟ ಮಾಡತೊಡಗಿದರು. ಮುಂಬಾಗಿಲ ಬೀಗ ಬಿಗಿಯಾಗಿದೆ, ಕೀಲಿ ತಿರುಗುವುದೇ ಇಲ್ಲ ಎಂದು ಅವರು ದೂರಿದಾಗ ಗಂಡ ಬೀಗಕ್ಕೆ ಎಣ್ಣೆ ಬಿಟ್ಟರು. ಈ ವರ್ಷದ ಪಠ್ಯಪುಸ್ತಕದ ಅಚ್ಚು ಕೆಟ್ಟಿದೆ, ಕಣ್ಣಿಗೆ ಹಿತವಿಲ್ಲ ಎಂದಾಗ, "ಈಗಿನ ಪ್ರೆಸ್ಸಿನವರಿಗೆ ಕೆಲಸ ಬರಲ್ಲ ಬಿಡಿ ಟೀಚರ್" ಎಂದು ಅವರೂ ಗೊಣಗಿದರು. ಟೀಚರ್ ಪುಸ್ತಕವನ್ನು ಬೀರುವಿನಲ್ಲಿಟ್ಟು ಬಾಯಿಪಾಠದಿಂದಲೇ ಕಲಿಸತೊಡಗಿದರು.

ಪಿಟೀಲಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ತಿಂಡಿ ಸೇರುತ್ತಿರಲಿಲ್ಲ. ಒಂದು ದಿನ ಅದರ ಚೀಲ ಝಾಡಿಸಿದಾಗ ಸೊಸೆಗೆ ಎರಡು ಪುಸ್ತಕ ಸಿಕ್ಕವು. ಒಂದು ಹೋಂವರ್ಕ್ ಪುಸ್ತಕ. ಇನ್ನೊಂದು, ತಾತ ಕತ್ತರಿಸಿ ಬಿಟ್ಟ ಕಾಗದದ ಚೂರುಗಳನ್ನು ತಾನೇ ದಾರ ಹಾಕಿ ಹೊಲಿದದ್ದು. ಅದರಲ್ಲಿ ಅಕ್ಷರಗಳೆಲ್ಲ ನೆಟ್ಟಗಿದ್ದವು.

"ಇದ್ಯಾಕೆ ಎರಡು?"

"ಇದು ನಿಂಗೆ. ಅದು ಅಜ್ಜಿಗೆ."

"ಅಂದ್ರೆ?"

"ಹೀಗೆ ಬರ್ದ್ರೆ ಅಜ್ಜಿ ಮುನಿಸ್ಕೊಂಡಿದೆ ಅಂತಾರೆ. ಹಾಗೆ ಬರ್ದ್ರೆ ನೀನು ಹೊಡೀತೀಯ." ಐದೂವರೆ ವರ್ಷದ ಮಗು ಇದನ್ನು ದೂರಿನ ಹಾಗೂ ಹೇಳಲಿಲ್ಲ, ಮನೆಯ ನಿಯಮ ಹೇಳಿದ ಹಾಗೆ ಹೇಳಿತು.

ಸೊಸೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಆದರೂ ನಂಬಲಿಲ್ಲ. ತನಗೆ ಅಕ್ಷರ ಕೊಟ್ಟವರನ್ನು ಅಷ್ಟು ಸುಲಭಕ್ಕೆ ಯಾರು ತಾನೆ ಅನುಮಾನಿಸುತ್ತಾರೆ? ಮಂಗಳವಾರ, ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದ ಹೆಂಗಸೊಬ್ಬಳು ಮಾತಿಗೆ ಮಾತು ಸೇರಿಸಿದಳು. "ನಮ್ಮ ಹುಡುಗಿಗೆ ಏನೋ ಆಗಿದೆ ಅಕ್ಕ, ಎಲ್ಲಾ ಉಲ್ಟಾ ಬರೀತಾಳೆ. ಎದುರು ಮನೆ ಅವಳಿ ಮಕ್ಕಳೂ ಹಂಗೇ. ಟೀಚರ್‌ನ ಕೇಳೋಕೆ ಸಂಕೋಚ. ಅಷ್ಟು ಒಳ್ಳೆ ಟೀಚರ್."

ಸೊಸೆ ಬಾಟಲಿ ಕೊಟ್ಟಳು, ಚಿಲ್ಲರೆ ಕೊಡುವುದನ್ನು ಮರೆತಳು. ಮಾಲೀಕರಿಗೆ ಒಂದು ಮಾತು ಹೇಳಿ ನೇರ ಶಾಲೆಗೆ ನಡೆದಳು.

ಒಂದನೇ ತರಗತಿ ಅಂಗಳದ ಕೊನೆಯ ಕೋಣೆ. ಅತ್ತ ಯಾರೂ ಸುಳಿಯುವುದಿಲ್ಲ. ತರಗತಿಯಲ್ಲಿ ಮಕ್ಕಳೆಲ್ಲ ಬರೆಯುವುದು ಸ್ಲೇಟಿನ ಮೇಲೆ, ಒರೆಸಿಕೊಂಡೇ ಮನೆಗೆ ಬರುತ್ತವೆ. ಬೋರ್ಡನ್ನೂ ಟೀಚರ್ ಸಂಜೆ ತಾವೇ ಒರೆಸಿ ಹೊರಡುವವರು. ಸೊಸೆ ಕಿಟಕಿಯ ಪಕ್ಕ ನಿಂತು ಇಣುಕಿದಳು.

ಬೋರ್ಡಿನ ತುಂಬ ದುಂಡನೆಯ, ಒಂದೇ ಅಳತೆಯ ಅಕ್ಷರಗಳು. ಅಷ್ಟೂ ಹಿಂದುಮುಂದು. ಸಾಲು ಕೂಡ ಬಲಗಡೆಯಿಂದ ಶುರುವಾಗಿ ಎಡಕ್ಕೆ ಓಡಿತ್ತು. ಮೂವತ್ತೊಂದು ಮಕ್ಕಳು ನಾಲಿಗೆ ಹೊರಗಿಟ್ಟುಕೊಂಡು ಅದನ್ನೇ ಸ್ಲೇಟಿಗೆ ಇಳಿಸುತ್ತಿದ್ದವು. ಟೀಚರ್ ಬಹಳ ಖುಷಿಯಲ್ಲಿದ್ದರು. ಸಾಲಿನ ನಡುವೆ ಓಡಾಡುತ್ತ, ಒಬ್ಬನ ಮೂಗು ಒರೆಸಿ, ಒಬ್ಬಳ ಜಡೆ ಎಳೆದು, ಮೂರನೇ ಸಾಲಿನ ಒಂದು ಹುಡುಗಿಯ ಬಳಿ ಬಗ್ಗಿದರು. ಅವಳ ಸ್ಲೇಟಿನ ಮೇಲೆ ಅ ನೆಟ್ಟಗಿತ್ತು.

"ಅಯ್ಯೋ, ಇದು ನಿನ್ನ ಮೇಲೆ ಮುನಿಸ್ಕೊಂಡಿದೆಯಲ್ಲಮ್ಮ" ಎಂದು ಟೀಚರ್ ಅವಳ ಕೈ ಹಿಡಿದು ತಿದ್ದಿಸಿದರು. ಅ ತಿರುಗಿಕೊಂಡಿತು. "ನೋಡು, ಈಗ ನಕ್ಕಿತು."

ಸೊಸೆ ಕೂತಿದ್ದದ್ದೂ ಅದೇ ಸಾಲಿನಲ್ಲಿ. ಅದೇ ಕೈ ಅವಳ ಕೈಯನ್ನೂ ಹಿಡಿದಿತ್ತು. ಒಳಗೆ ಹೋಗಲು ಅವಳ ಕೈಲಾಗಲಿಲ್ಲ. ಗೋಡೆಗೆ ಒರಗಿ ನಿಂತು ಸೆರಗು ಕಚ್ಚಿ ಅತ್ತಳು, ಮನೆಗೆ ಓಡಿದಳು.

ಮಾವ ಬೈಂಡಿಗೆ ಅಂಟು ಹಚ್ಚುತ್ತಿದ್ದರು. ಅಡುಗೆಮನೆಯ ಕೊಕ್ಕೆಯಲ್ಲಿ ಟೀಚರ್ ಬರೆದು ಸಿಕ್ಕಿಸಿದ್ದ ಸಾಮಾನಿನ ಚೀಟಿಯನ್ನು ಸೊಸೆ ಕಿತ್ತು ತಂದು ಮೇಜಿನ ಮೇಲಿಟ್ಟಳು.

"ಮಾವ, ಇದನ್ನ ಓದಿ."

"ಬೆಳಿಗ್ಗೇನೇ ನೋಡ್ದೆ. ಸೋಪು, ಸಕ್ಕರೆ, ಬಲ್ಬು ಒಂದು. ಸಂಜೆ ತರ್ತೀನಿ ಬಿಡು."

"ಹೇಗಿದೆ ಅಕ್ಷರ?"

"ಟೀಚರ್ ಅಕ್ಷರಕ್ಕೇನು, ಮುತ್ತು ಪೋಣಿಸಿದ ಹಾಗೆ."

"ತಿರುಗಿದೆ ಮಾವ! ಎಲ್ಲಾ ತಿರುಗಿದೆ. ಕನ್ನಡಿಯಲ್ಲಿ ಕಂಡ ಹಾಗಿದೆ. ನಿಮಗೆ ಕಾಣ್ತಿಲ್ವಾ?"

ಮಾವ ಚೀಟಿ ನೋಡಿದರು. ಮತ್ತೊಮ್ಮೆ ನೋಡಿದರು. ಕುಂಚ ಅಂಟಿನ ಡಬ್ಬಿಯೊಳಗೆ ಜಾರಿಬಿತ್ತು.

"ಮೊಳೆ" ಎಂದರು. "ಅಯ್ಯೋ ದೇವರೇ, ಮೊಳೆ."

ಅಚ್ಚಿನ ಮೊಳೆಯ ಮೇಲೆ ಅಕ್ಷರ ತಿರುಗಿಯೇ ಇರುತ್ತದೆ. ಕಾಗದಕ್ಕೆ ಒತ್ತಿದ ಮೇಲಷ್ಟೇ ನೆಟ್ಟಗಾಗುತ್ತದೆ. ಮೂವತ್ತೈದು ವರ್ಷ ತಿರುಗಿದ ಅಕ್ಷರವನ್ನೇ ಓದಿದ ಕಣ್ಣಿಗೆ ನೆಟ್ಟಗಿರುವುದೂ ಒಂದೇ, ತಿರುಗಿರುವುದೂ ಒಂದೇ. ಲೋಕದಲ್ಲಿ ಇನ್ಯಾವ ಗಂಡನಿದ್ದರೂ ಮೊದಲ ಚೀಟಿಗೇ ಹೆಂಡತಿಯನ್ನು ಡಾಕ್ಟರ ಬಳಿ ಕರೆದೊಯ್ಯುತ್ತಿದ್ದ. ಇವರು ಓದಿಕೊಂಡು ಅಂಗಡಿಗೆ ಹೋಗಿ ಸೋಪು ತಂದರು.

ಅವರು ಕಾಗದ ಎಸೆಯುವವರಲ್ಲ. ಹಳೆಯ ಚೀಟಿಗಳೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದವು. ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಹರಡಿದರು. ಏಳು ವಾರದ ಹಿಂದಿನ ಒಂದು ಚೀಟಿಯಲ್ಲಿ ಮೊದಲ ಎರಡು ಸಾಲು ನೆಟ್ಟಗಿದ್ದವು, ಮೂರನೆಯದು ತಿರುಗಿತ್ತು.

"ಇಲ್ಲಿಂದ" ಎಂದು ಬೆರಳಿಟ್ಟರು. "ಅವತ್ತು ತಲೆ ಸಿಡೀತಿದೆ ಅಂದ್ಲು. ಚಹಾ ಮಾಡ್ಕೊಟ್ಟೆ. ಅಷ್ಟೇ ಮಾಡಿದ್ದು ನಾನು."

ಮಗನಿಗೆ ಸುದ್ದಿ ಹೋಗಿ ಅವನು ಡ್ಯೂಟಿ ಬದಲಾಯಿಸಿಕೊಂಡು ಬಂದ. ಅಮ್ಮನಿಗೆ ಏನೂ ಹೇಳುವುದು ಬೇಡ, ಬಿಪಿ ನೋಡಿಸೋಣ ಎಂದು ಡಾಕ್ಟರ ಬಳಿ ಕರೆದೊಯ್ಯೋಣ ಎಂದ.

"ನಾಳೆ ಮತ್ತೆ ಶಾಲೆಗೆ ಹೋಗ್ತಾರಲ್ರೀ. ಮೂವತ್ತೊಂದು ಮಕ್ಕಳು" ಎಂದಳು ಸೊಸೆ.

"ಹಾಗಾದ್ರೆ ನೀನೇ ಹೇಳು. ನನ್ನ ಕೈಲಾಗಲ್ಲ. ನೀವು ತಪ್ಪು ಕಲಿಸ್ತಿದ್ದೀರಿ ಅಂತ ಅಮ್ಮಂಗೆ ಹೇಗೆ ಹೇಳೋದು? ಅದಕ್ಕಿಂತ ಕೆನ್ನೆಗೆ ಹೊಡೆಯೋದು ವಾಸಿ."

ಹೇಳಿದ್ದು ಸೊಸೆಯೇ. ತವರಿನಿಂದ ಬರುವಾಗ ಅವಳು ತನ್ನ ಒಂದನೇ ತರಗತಿಯ ಕಾಪಿ ಪುಸ್ತಕ ತಂದಿದ್ದಳು. ಮದುವೆಯ ಹೊಸದರಲ್ಲಿ ಅದನ್ನು ತೋರಿಸಿ ಎಲ್ಲರೂ ನಕ್ಕಿದ್ದರು. ಟ್ರಂಕಿನ ತಳದಿಂದ ಅದನ್ನು ತೆಗೆದು, ಶಾಲೆಯಿಂದ ಬಂದು ಕಾಲು ತೊಳೆದು ಕೂತ ಅತ್ತೆಯ ಮುಂದಿಟ್ಟಳು. ಪುಟದ ತಲೆಯಲ್ಲಿ ಕೆಂಪು ಇಂಕಿನ ಮೇಲ್ಪಂಕ್ತಿ.

ಹತ್ತು ದಿನದ ಮೇಲೆ ಸೊಸೆ ತಾನಾಗಿ ಬಂದಳೆಂದು ಟೀಚರ್‌ಗೆ ಒಳಗೊಳಗೇ ಸಂತೋಷ. ನೋಡಿದವರೇ ಹುಬ್ಬು ಗಂಟಿಕ್ಕಿದರು. "ಇದ್ಯಾರು ಬರ್ದದ್ದು? ಎಲ್ಲಾ ಮುನಿಸ್ಕೊಂಡಿವೆ. ಮೇಲ್ಪಂಕ್ತಿ ಹೀಗೆ ಬರೆದ್ರೆ ಮಕ್ಕಳು ಇನ್ನೇನು ಕಲೀತವೆ?"

ಸೊಸೆಯ ಬೆರಳು ಪುಟದ ಕೆಳಗೆ ಸರಿಯಿತು. ಅಲ್ಲಿ ಸಹಿ ಇತ್ತು, ದಿನಾಂಕ ಇತ್ತು. ಸಹಿಯ ಕೆಳಗೆ ಟೀಚರ್ ಆಗ ಪ್ರತಿ ಮಗುವಿಗೂ ಬರೆದುಕೊಡುತ್ತಿದ್ದ ಒಂದು ಪುಟ್ಟ ಹೂವು ಇತ್ತು.

"ನೀವೇ, ಟೀಚರ್."

ಟೀಚರ್ ಹೂವನ್ನು ನೋಡಿದರು. ಗಂಡನ ಮುಖ ನೋಡಿದರು. ಅವರು ತಲೆ ತಗ್ಗಿಸಿದರು. ಮಗ ಬಾಗಿಲ ಕಡೆ ತಿರುಗಿ ನಿಂತ.

"ಈಗ ನಾನು ಬರೀತಿರೋದು?"

"ಏಳು ವಾರದಿಂದ" ಎಂದರು ಗಂಡ.

"ಮಕ್ಕಳು?"

ಟೀಚರ್ ಎದ್ದು ಹೋಗಿ ಪಿಟೀಲನ್ನು ಎಳೆದು ಅಪ್ಪಿಕೊಂಡರು. "ನಿನ್ನ ಹೊಡೆಸಿದ್ನಲ್ಲೇ ಕೂಸೇ. ನಾನು ಕಲಿಸಿದ ಹಾಗೇ ಬರೆದ ಕೂಸನ್ನ ಹೊಡೆಸಿದ್ನಲ್ಲೇ" ಎಂದು ದನಿ ತೆಗೆದು ಅತ್ತರು. ಆ ಮನೆಯಲ್ಲಿ ಅವರು ಹಾಗೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ತಲೆಯೊಳಗೆ ಒಂದು ಸಣ್ಣ ರಕ್ತನಾಳ ಸದ್ದಿಲ್ಲದೆ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮತ್ತೊಂದು ಹಾಗಾಗದಂತೆ ಮಾತ್ರೆ ಕೊಡಬಹುದು, ಹೋದದ್ದು ಬರುತ್ತದೋ ಇಲ್ಲವೋ ಹೇಳಲಾರೆ ಎಂದರು. ಮಾತ್ರೆಗಳನ್ನು ಸೊಸೆಯೇ ಅಂಗಡಿಯಿಂದ ತಂದಳು. ಅಕ್ಷರದ ಬದಲು ಸೂರ್ಯ, ಚಂದ್ರ ಬಿಡಿಸಿದ ಲಕೋಟೆಗಳಲ್ಲಿ ಹಾಕಿಟ್ಟಳು.

ಟೀಚರ್ ಹೆಡ್ ಮೇಡಂ ಬಳಿ ಹೋಗಿ ತಾವೇ ಎಲ್ಲ ಹೇಳಿದರು. ಕೆಲಸ ಬಿಡುತ್ತೇನೆ, ಒಂದೇ ಒಂದು ಪೀರಿಯಡ್ ಕೊಡಿ ಎಂದರು. "ನಾನು ಕೆಡಿಸಿದ್ದನ್ನ ನಾನೇ ತಿದ್ದಿ ಹೋಗ್ತೀನಿ."

"ಟೀಚರ್, ನೀವು ಬೋರ್ಡಿನ ಮೇಲೆ ಹೇಗೆ…"

"ಬೋರ್ಡು ಮುಟ್ಟಲ್ಲ."

ನಾಲ್ಕು ದಿನ ಮನೆಯಲ್ಲಿ ಅಭ್ಯಾಸ ನಡೆಯಿತು. ಪಿಟೀಲು ಎದುರಿಗೆ ಸ್ಟೂಲಿನ ಮೇಲೆ ಕೂತಿತು. ಟೀಚರ್ ಗಾಳಿಯಲ್ಲಿ ಬೆರಳಾಡಿಸಿದರು. ಅವರ ಕೈ ಈಗ ತನ್ನಷ್ಟಕ್ಕೆ ಬರೆದರೆ ತಿರುಗಿಯೇ ಬರುತ್ತದೆ, ಹಾಗಾಗಿ ಎದುರು ಕೂತವರಿಗೆ ನೆಟ್ಟಗೆ ಕಾಣುತ್ತದೆ. ಆದರೆ ಮೂವತ್ತಮೂರು ವರ್ಷದ ಅಭ್ಯಾಸ ಬಿಡಬೇಕಲ್ಲ. ಮಕ್ಕಳೆದುರು ನಿಂತೊಡನೆ ಬೆರಳು ತಾನಾಗಿ ಇನ್ನೊಂದು ಸಲ ತಿರುಗಿಬಿಡುತ್ತಿತ್ತು. ಆಗ ಪಿಟೀಲು ತಲೆ ಅಲ್ಲಾಡಿಸುತ್ತಿತ್ತು. "ಇಲ್ಲ ಅಜ್ಜಿ, ಮುನಿಸ್ಕೊಂಡ್ತು." ಮತ್ತೆ ಬರೆಯುತ್ತಿದ್ದರು. ಸೊಸೆ ಬೀನ್ಸ್ ಕತ್ತರಿಸುತ್ತ ನೋಡುತ್ತಿದ್ದಳು, ಈರುಳ್ಳಿ ಇಲ್ಲದೆಯೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶುಕ್ರವಾರ ಟೀಚರ್ ತರಗತಿಯಲ್ಲಿ ನಿಂತರು. ಹಿಂದಿನ ಸಾಲಿನಲ್ಲಿ ಹೆಡ್ ಮೇಡಂ, ಹೊಸದಾಗಿ ಬಂದ ಟೀಚರ್, ಬಾಗಿಲ ಬಳಿ ಸೊಸೆ. ಬೋರ್ಡು ಖಾಲಿ.

"ಎಲ್ಲರೂ ಬೆರಳೆತ್ತಿ. ನಾನು ಬರೆದ ಹಾಗೆ ಅಲ್ಲ, ನಿಮಗೆ ಕಾಣೋ ಹಾಗೆ ಬರೀರಿ."

ಅವರು ನಿಧಾನವಾಗಿ ಅ ಬರೆದರು. ಮೂವತ್ತೊಂದು ಬೆರಳು ಜೊತೆಗೆ ಆಡಿದವು. ಪಿಟೀಲು ಮುಂದಿನ ಸಾಲಿನಿಂದ ಸಣ್ಣಗೆ ತಲೆಯಾಡಿಸಿತು, ಸರಿ ಇದೆ ಎಂದು.

ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು. "ಟೀಚರ್, ಅವತ್ತು ನೀವು ಬೇರೆ ಥರ ಹೇಳಿದ್ರಿ."

"ಹೌದಮ್ಮ. ಅವತ್ತು ನಾನು ಹೇಳಿದ್ದು ತಪ್ಪು. ನೀನು ಬರೆದದ್ದು ಸರಿ ಇತ್ತು. ನಿಮ್ಮಲ್ಲಿ ಯಾರದೂ ತಪ್ಪಿಲ್ಲ. ತಪ್ಪೆಲ್ಲಾ ಟೀಚರ್‌ದು." ಹಿಂದಿನ ಸಾಲಿನ ಕಡೆ ಕೈ ತೋರಿಸಿದರು. "ಹೊಸ ಟೀಚರ್ ಬೋರ್ಡಿನ ಮೇಲೆ ಬರೆದದ್ದನ್ನ ನಂಬಿ."

ಗಂಟೆ ಹೊಡೆಯಿತು. ಟೀಚರ್ ಅಭ್ಯಾಸಬಲದಿಂದ ಡಸ್ಟರ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ಒರೆಸಲು ಏನೂ ಇರಲಿಲ್ಲ. ಡಸ್ಟರ್ ಮೇಜಿನ ಮೇಲಿಟ್ಟು ಸೊಸೆಯ ಕೈ ಹಿಡಿದು ಅಂಗಳ ದಾಟಿದರು.

ಈಗ ಅವರು ಹಗಲೆಲ್ಲ ಗಂಡನ ಮೇಜಿನ ಬಳಿ ಕೂತು ಬಿಳಿಯ ಹಾಳೆ ಮಡಿಸಿಕೊಡುತ್ತಾರೆ. ಅಚ್ಚಾದ ಹಾಳೆಗಳನ್ನು ಗಂಡ ಅವರ ಕಡೆ ತಳ್ಳುವುದಿಲ್ಲ. ಮಾತು ಕಡಿಮೆ. ಸಂಜೆ ಔಷಧಿ ಅಂಗಡಿಯಿಂದ ಬಂದ ಸೊಸೆ ಚಹಾ ಕೊಟ್ಟರೆ ಕುಡಿಯುತ್ತಾರೆ, ಮರೆತರೆ ಕೇಳುವುದಿಲ್ಲ.

ಒಂದು ದಿನ ಪಿಟೀಲು ಶಾಲೆಯಿಂದ ಬಂದು ಹೋಂವರ್ಕ್ ಮುಗಿಸಿತು. ಪುಸ್ತಕವನ್ನೂ ಕೆಂಪು ಪೆನ್ನನ್ನೂ ತಂದು ಅಜ್ಜಿಯ ಮಡಿಲಲ್ಲಿಟ್ಟಿತು.

"ಹೊಸ ಟೀಚರ್ ನೋಡ್ತಾರಲ್ಲ ಕೂಸೇ."

"ಅವರು ನಾಳೆ ನೋಡ್ತಾರೆ. ನೀನು ಇವತ್ತು ನೋಡು."

ಟೀಚರ್ ಕನ್ನಡಕ ಏರಿಸಿದರು. ಪುಟದ ತುಂಬ ಅ. ಒಂದೊಂದೂ ಅವರಿಗೆ ಬೆನ್ನು ಹಾಕಿ ಕೂತಿತ್ತು.

"ನೆಟ್ಟಗೆ ಬರ್ದಿದೀಯ?"

"ಹೂಂ."

"ನಂಗೆ ಎಲ್ಲಾ ಮುನಿಸ್ಕೊಂಡ ಹಾಗೇ ಕಾಣ್ತಿವೆ."

"ಇಲ್ಲ ಅಜ್ಜಿ. ಯಾವುದೂ ಮುನಿಸ್ಕೊಂಡಿಲ್ಲ."

ಟೀಚರ್ ಪೆನ್ನು ತೆರೆದರು. ಕಣ್ಣಿಗೆ ತಪ್ಪೆಂದು ಕಂಡ ಪ್ರತಿ ಸಾಲಿನ ಪಕ್ಕದಲ್ಲೂ ಒಂದೊಂದು ರೈಟು ಹಾಕಿದರು. ಕೊನೆಯ ಸಾಲು ಮುಗಿದ ಮೇಲೆ ಪುಸ್ತಕವನ್ನು ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ಚಾಚಿದರು.

"ತಪ್ಪಿಗೆ ರೈಟು ಹಾಕಿದ್ದು ಒಂದು ತೋರ್ಸು ಅಂದಿದ್ದೆನಲ್ಲ, ನೋಡು ತಗೋ" ಎಂದು ನಗಲು ಹೋದರು. ನಗು ಬರಲಿಲ್ಲ. "ರೈಟಾದ್ರೂ ಸರಿಯಾಗಿ ಬಿದ್ದಿದೆಯೇನೇ?"

ಸೊಸೆ ಪುಸ್ತಕ ನೋಡಿದಳು. ಅಕ್ಷರಗಳು ನೆಟ್ಟಗಿದ್ದವು. ರೈಟುಗಳು ಅಷ್ಟೂ ಹಿಂದುಮುಂದಾಗಿ, ಬಾಲವನ್ನು ಎಡಕ್ಕೆ ಎಳೆದುಕೊಂಡು ಬಿದ್ದಿದ್ದವು. ಪಿಟೀಲು ಅಮ್ಮನ ಮುಖವನ್ನೇ ನೋಡುತ್ತಿತ್ತು.

"ಸರಿಯಾಗಿ ಬಿದ್ದಿದೆ, ಟೀಚರ್" ಎಂದಳು ಸೊಸೆ.